ಐದೂವರೆಗೆ ಮೇನ್ ಸ್ವಿಚ್ ಆರಿಸಿ ಎಂದವರಿಗೆ

ಮಾನ್ಯರೇ,

ನಿಮ್ಮ ಇಲಾಖೆಯ ಕಂಪ್ಯೂಟರು ಗುಣವಾಗಿದೆ, ಸಂತೋಷ. ನನ್ನ ಕುರಿಗಳು ಸತ್ತಿವೆ. ಕಂಪ್ಯೂಟರು ಕಾಯಿಲೆ ಬಿದ್ದದ್ದೂ ಕುರಿಗಳು ಸತ್ತದ್ದೂ ಒಂದೇ ಸ್ವಿಚ್ಚಿನಿಂದ. ಅದನ್ನು ದಿನಾ ಸಂಜೆ ಆರಿಸಿದ್ದು ಜವಾನನ ಕೈ. ಆರಿಸತಕ್ಕದ್ದು ಎಂದದ್ದು ನಿಮ್ಮ ಸಹಿ. ಸತ್ತವನ್ನು ಎಬ್ಬಿಸಿಕೊಡಿ ಎಂದು ನಾನು ಕೇಳುತ್ತಿಲ್ಲ. ಅದೇ ಕೆಟ್ಟ ಲಸಿಕೆ ಚುಚ್ಚಿಸಿಕೊಂಡ ಕುರಿಗಳು ಅಕ್ಕಪಕ್ಕದ ಹಟ್ಟಿಗಳಲ್ಲಿ ಇನ್ನೂ ಉಸಿರಾಡುತ್ತಿವೆ. ಅವು ಸಾಯುವ ಮೊದಲು ನೀವು ಬಾಯಿ ಬಿಡಬೇಕು. ಅದಕ್ಕೆ ಈ ಪತ್ರ.

ನಾನು ಹಿರಿಯೂರು ತಾಲ್ಲೂಕಿನ ಕುರಿ ಸಾಕುವ ಹೆಂಗಸು. ಓದಿದ್ದು ತುಂಡು ತುಂಡಾಗಿ. ಮಳೆಗಾಲದಲ್ಲಿ ಹಟ್ಟಿಯ ಶಾಲೆ, ಬೇಸಿಗೆಯಲ್ಲಿ ಕುರಿ ಹೋದ ಊರಿನ ಶಾಲೆಯ ಜಗುಲಿ. ಏಳನೇ ಕ್ಲಾಸಿಗೆ ಅದೂ ನಿಂತಿತು. ಬರವಣಿಗೆಯಲ್ಲಿ ತಪ್ಪಿದ್ದರೆ ಕೆಂಪು ಇಂಕಿನಲ್ಲಿ ಗುರುತು ಹಾಕಿಕೊಳ್ಳಿ, ನಿಮಗೆ ಅದು ಚೆನ್ನಾಗಿ ಬರುತ್ತದೆ. ಜೊತೆಗೆ ನನ್ನದು ಗಾಬರಿಯ ಸ್ವಭಾವ. ಕುರಿ ಕೂಡುವ ರೊಪ್ಪದ ಬಾಗಿಲು ಹಾಕಿ ಬಂದು ಮಲಗಿ, ಹಾಕಿದೆನೋ ಇಲ್ಲವೋ ಎಂದು ಮತ್ತೆ ಎದ್ದು ಹೋಗುವವಳು. "ಕುರಿ ಒಂದ್ಸಲ ಕೆಮ್ಮಿದ್ರೆ ನೀನು ಹತ್ಸಲ ಕೆಮ್ತೀಯ ಕಣೆ" ಎನ್ನುತ್ತಾನೆ ನನ್ನ ಗಂಡ ಓಬಯ್ಯ. ಈ ಪತ್ರವನ್ನೂ ಹರಿದು ಹರಿದು ಬರೆದಿದ್ದೇನೆ. ಆಸ್ಪತ್ರೆ ಯಾವ ಊರಿನದು ಎಂದು ಬರೆದಿಲ್ಲ. ಬರೆದರೆ ನೀವು ಆ ಬಡ ಜವಾನನನ್ನು ಅಮಾನತು ಮಾಡಿ, ಊಟಕ್ಕೆ ಮುಂಚೆಯೇ ಕೈ ತೊಳೆದುಕೊಳ್ಳುತ್ತೀರಿ. ಅವನನ್ನು ಗೋವಿಂದಯ್ಯ ಎಂದು ಕರೆಯುತ್ತೇನೆ. ಅದು ಅವನ ಹೆಸರಲ್ಲ.

ನಿಮ್ಮ ಸುತ್ತೋಲೆ ನಿಮಗೆ ನೆನಪಿರಬಹುದು. ವಿದ್ಯುತ್ ಉಳಿತಾಯದ ದೃಷ್ಟಿಯಿಂದ ಜಿಲ್ಲೆಯ ಎಲ್ಲ ಪಶು ಆಸ್ಪತ್ರೆಗಳಲ್ಲಿ ಸಂಜೆ ಐದೂವರೆಗೆ ಮೇನ್ ಸ್ವಿಚ್ ಆರಿಸತಕ್ಕದ್ದು, ತಪ್ಪಿದಲ್ಲಿ ಸಿಬ್ಬಂದಿಯ ಮೇಲೆ ಶಿಸ್ತುಕ್ರಮ. ದುರ್ಗದ ನಿಮ್ಮ ಕಚೇರಿಯಲ್ಲಿ ರಾತ್ರಿಯೆಲ್ಲ ವರಾಂಡದ ದೀಪ ಉರಿಯುತ್ತದೆ ಎಂದು ನೋಡಿದವರು ಹೇಳುತ್ತಾರೆ. ಅದು ಜ್ಞಾನದ ದೀಪ ಇರಬೇಕು, ಮೀಟರಿಗೆ ಬರುವುದಿಲ್ಲ.

ಈ ಸಲ ಹಿರೇಬೇನೆಯ ಲಸಿಕೆ ಬಂದಾಗ ಊರಿನಲ್ಲಿ ಡಂಗುರ ಹೊಡೆಸಿದರು. ಹಿರೇಬೇನೆ ಎಂದರೆ ನಿಮ್ಮ ಭಾಷೆಯ ಪಿಪಿಆರ್. ಒಂದು ಕುರಿಗೆ ಬಂದರೆ ಹಿಂಡನ್ನೇ ಗುಡಿಸುವ ರೋಗ. ಮೊದಲೆಲ್ಲ ಲಸಿಕೆ ಐಸ್ ಡಬ್ಬಿಯಲ್ಲಿ ಬಂದ ಮರುದಿನವೇ ಚುಚ್ಚಿ ಮುಗಿಸುತ್ತಿದ್ದರು. ಈಗ ಕುರಿಗೆ ಇಲಾಖೆ ಹಾಕಿದ ಕಿವಿಯೋಲೆಯ ನಂಬರು ಕಂಪ್ಯೂಟರಿಗೆ ಹತ್ತದೆ ಒಂದು ಹನಿ ಲಸಿಕೆಯೂ ಫ್ರಿಜ್ಜಿನಿಂದ ಹೊರಬರಬಾರದು. ಇದೂ ನಿಮ್ಮದೇ ನಿಯಮ. ನಾವು ಹೋದ ದಿನ ಕಂಪ್ಯೂಟರು ಅಪ್‌ಡೇಟ್ ಆಗುತ್ತಿತ್ತು. ಪರದೆಯ ಮೇಲೆ ಚಕ್ರ ತಿರುಗುತ್ತಿತ್ತು. ಕೆಳಗೆ ಇಂಗ್ಲಿಷಿನಲ್ಲಿ ಏನೋ ಬರೆದಿತ್ತು. ಡಾಕ್ಟರು ಓದಿ ಹೇಳಿದರು: ಅಪ್‌ಡೇಟ್ ನಡೆಯುತ್ತಿದೆ, ಕಂಪ್ಯೂಟರ್ ಆರಿಸಬೇಡಿ.

ಸಂಜೆ ಐದೂವರೆಗೆ ಗೋವಿಂದಯ್ಯ ಮೇನ್ ಬೋರ್ಡಿನ ಮುಂದೆ ನಿಂತ. ಅವನ ಮುಂದೆ ಎರಡು ಆದೇಶಗಳಿದ್ದವು. ಆರಿಸಬೇಡ ಎನ್ನುವ ಆದೇಶಕ್ಕೆ ಮೊಹರು ಇರಲಿಲ್ಲ. ಅವನು ಮೊಹರು ಇದ್ದದ್ದನ್ನು ಪಾಲಿಸಿದ.

ಬೆಳಿಗ್ಗೆ ಕಂಪ್ಯೂಟರು ಹಚ್ಚಿದರೆ, ಅಪ್‌ಡೇಟ್ ಪೂರ್ಣಗೊಳಿಸಲು ಆಗಲಿಲ್ಲ, ಮಾಡಿದ ಬದಲಾವಣೆಗಳನ್ನು ಹಿಂದಕ್ಕೆ ತೆಗೆಯಲಾಗುತ್ತಿದೆ ಎಂದಿತು. ಮಧ್ಯಾಹ್ನದವರೆಗೆ ಹಿಂದಕ್ಕೆ ತೆಗೆಯಿತು, ಮಧ್ಯಾಹ್ನದ ಮೇಲೆ ಮತ್ತೆ ಶುರು ಮಾಡಿತು, ಐದೂವರೆಗೆ ಮತ್ತೆ ಗೋವಿಂದಯ್ಯ ಬಂದ. ಹೀಗೇ ನಡೆಯಿತು. ನಾವು ಕುರಿ ಹೊಡೆದುಕೊಂಡು ಹೋಗುವುದು, ಆಸ್ಪತ್ರೆ ಬೇಲಿಯ ನೆರಳಲ್ಲಿ ಕೂರುವುದು, ಸಂಜೆ ವಾಪಸು. ಕೊನೆಗೆ ಒಂದು ದಿನ ಪರದೆ ನೀಲಿ ಬಣ್ಣಕ್ಕೆ ತಿರುಗಿ, ಮೇಲೊಂದು ಅಳುವ ಮುಖ ಬಂದು ನಿಂತುಬಿಟ್ಟಿತು. ನಮ್ಮ ಸ್ಥಿತಿ ನೋಡಿ ಆ ಕಟ್ಟಡದಲ್ಲಿ ಅತ್ತಿದ್ದು ಅದೊಂದೇ.

ಹಿರಿಯೂರಿನಿಂದ ಕಂಪ್ಯೂಟರ್ ರಿಪೇರಿಯ ದಯಾನಂದ ಬಂದ. ಕಪ್ಪು ಪರದೆ ತೆರೆದು ಏನೇನೋ ಕುಟ್ಟಿ, ಕಾದು ಕೂತು, ತಲೆ ಕೆರೆದುಕೊಂಡ.

"ಏನಾಗೈತಪ್ಪ?" ಎಂದು ನಾನೇ ಕೇಳಿದೆ. ಡಾಕ್ಟರಿಗಿಂತ ನನಗೆ ಆತುರ.

"ಅಕ್ಕಾ, ಇದರ ಒಳಗಿನ ಸಿಸ್ಟಮ್ ಫೈಲು ಕೆಟ್ಟೋಗವೆ. ದಿನಾ ಅರ್ಧಕ್ಕೆ ಕರೆಂಟ್ ತೆಗೆದವ್ರೆ. ಹಳೇವು ಅರ್ಧ ಹೋಗವೆ, ಹೊಸವು ಅರ್ಧ ಬಂದವೆ. ಕೆಟ್ಟಿರೋದನ್ನ ಹುಡುಕ್ತೈತೆ, ಸರಿ ಮಾಡಾಕೆ ಆಗ್ತಿಲ್ಲ ಅಂತೈತೆ."

ಮತ್ತೆ ಅಪ್‌ಡೇಟ್ ಹಾಕೋಣವೆಂದರೆ ಒಳಗೆ ಜಾಗವೂ ಇಲ್ಲವಂತೆ. ಜಾಗ ತಿಂದಿದ್ದು ಏನು ಗೊತ್ತೇ ಮಾನ್ಯರೇ? ವಿದ್ಯುತ್ ಉಳಿಸಿದ್ದಕ್ಕೆ ನಿಮಗೆ ಶಾಲು ಹೊದಿಸಿದ ಸಮಾರಂಭದ ವಿಡಿಯೋಗಳು. ಎಲ್ಲ ಆಸ್ಪತ್ರೆಗಳಿಗೂ ಕಳುಹಿಸಿ, ಸಿಬ್ಬಂದಿಗೆ ತೋರಿಸಿ ಎಂದಿದ್ದಿರಂತೆ. "ಇದನ್ನ ತೆಗೀಲಾ ಸಾರ್?" ಎಂದು ದಯಾನಂದ ಕೇಳಿದ್ದಕ್ಕೆ ಡಾಕ್ಟರು ಎದ್ದೇ ನಿಂತರು. "ಏ ಬ್ಯಾಡಪ್ಪ, ಅದು ಸಾಹೇಬ್ರುದು. ಬೇರೆ ಏನಾರ ತೆಗಿ." ಅವನು ಏನು ತೆಗೆದನೋ ನನಗೆ ಗೊತ್ತಿಲ್ಲ. ನಿಮ್ಮನ್ನಂತೂ ತೆಗೆಯಲಿಲ್ಲ.

"ಒಂದೇ ಒಂದು ರಾತ್ರಿ ಮೇನ್ ಆರಿಸ್ದಂಗೆ ಬಿಡ್ರಿ ಸಾರ್, ಹೊಸದಾಗಿ ಹಾಕ್ಬುಡ್ತೀನಿ" ಎಂದ ದಯಾನಂದ. ಡಾಕ್ಟರು ನಿಮ್ಮ ಕಚೇರಿಗೆ ಫೋನ್ ಮಾಡಿ ಅನುಮತಿ ಕೇಳಿದರು. ನಿಮ್ಮ ಕಚೇರಿ ಏನು ಹೇಳಿತು? ಬಾಯಿಮಾತಲ್ಲಿ ಆಗುವುದಿಲ್ಲ, ಕೋರಿಕೆಯನ್ನು ಕಂಪ್ಯೂಟರಿನ ಮೂಲಕ ಸಲ್ಲಿಸಿ. ಯಾವ ಕಂಪ್ಯೂಟರಿನ ಮೂಲಕ, ಮಾನ್ಯರೇ? ಆ ಅಳುವ ಮುಖದ ಮೂಲಕವೇ? ಕೊನೆಗೆ ದಯಾನಂದ ಅದನ್ನು ಗೋಣಿಚೀಲದಲ್ಲಿ ಸುತ್ತಿ, ಬೈಕಿನಲ್ಲಿ ಹಿರಿಯೂರಿನ ತನ್ನ ಅಂಗಡಿಗೆ ಹೊತ್ತೊಯ್ದ. ಕಂಪ್ಯೂಟರಿಗೆ ಕರೆಂಟ್ ಇರುವ ಊರಿನಲ್ಲಿ ಚಿಕಿತ್ಸೆ ಸಿಕ್ಕಿತು. ಲಸಿಕೆ ಆಸ್ಪತ್ರೆಯ ಫ್ರಿಜ್ಜಿನಲ್ಲೇ ಉಳಿಯಿತು.

ಇಲ್ಲಿ ನನ್ನ ಗಾಬರಿಯ ಮಾತು ಬರುತ್ತದೆ. ಆ ಫ್ರಿಜ್ಜು ಹಳೆಯದು, ಗುರ್ ಎನ್ನುವ ಸದ್ದು ಬೇಲಿಯವರೆಗೂ ಕೇಳುತ್ತದೆ. ಐದೂವರೆಗೆ ಗೋವಿಂದಯ್ಯ ಮೇನ್ ಎಳೆದೊಡನೆ ಆ ಸದ್ದೂ ನಿಲ್ಲುತ್ತಿತ್ತು. ಮೊದಲನೇ ಸಂಜೆಯೇ ಕೇಳಿದೆ.

"ಗೋವಿಂದಣ್ಣ, ಫ್ರಿಜ್ಜೂ ಆರೋಯ್ತಲ್ಲಪ್ಪ? ಒಳಗೆ ಔಷಧ ಐತೆ."

"ಬಾಗ್ಲು ತೆಗೀದಿದ್ರೆ ತಂಪು ಒಳಗೇ ಇರ್ತೈತೆ, ಹೋಗಕ್ಕ."

"ರಾತ್ರಿಯೆಲ್ಲಾ ಇರ್ತೈತಾ?"

"ನಿಂಗೆ ನಿದ್ದೆ ಬರಲ್ಲ ಅಂತ ಊರ್ನೋರಿಗೆಲ್ಲ ನಿದ್ದೆ ಕೆಡಿಸ್ಬ್ಯಾಡ."

ಬೇಲಿಯ ಹತ್ತಿರ ಕೂತಿದ್ದವರೆಲ್ಲ ನಕ್ಕರು. ಓಬಯ್ಯನೂ ನಕ್ಕ. ಮರುದಿನ ಡಾಕ್ಟರನ್ನೂ ಕೇಳಿದೆ. ಅವರು ನಗಲಿಲ್ಲ. ಸುತ್ತೋಲೆಯನ್ನು ತೋರಿಸಿದರು. ಅದರಲ್ಲಿ ಫ್ರಿಜ್ ಬಿಟ್ಟು ಎಂದು ಎಲ್ಲಿಯೂ ಇರಲಿಲ್ಲ. ಅದನ್ನು ಬರೆಯುವಾಗ ಪಶು ಆಸ್ಪತ್ರೆಯಲ್ಲಿ ಫ್ರಿಜ್ ಯಾಕಿರುತ್ತದೆ ಎಂದು ತಮಗೆ ಹೊಳೆಯಲೇ ಇಲ್ಲವೇ? ಡಾಕ್ಟರ ಊಟದ ಮೊಸರಿಗೆ ಎಂದುಕೊಂಡಿರಾ?

ಕಂಪ್ಯೂಟರು ಹಿರಿಯೂರಿನಿಂದ ಹಸನಾಗಿ ಬಂತು. ಗೋವಿಂದಯ್ಯ ಅದಕ್ಕೆ ಕುಂಕುಮ ಇಟ್ಟ. ನಂಬರುಗಳು ಸರಸರ ಹತ್ತಿದವು. ಅಷ್ಟೂ ರಾತ್ರಿ ಬೆಚ್ಚಗೆ ಕೂತಿದ್ದ ಲಸಿಕೆಯನ್ನು ನಮ್ಮ ಕುರಿಗಳಿಗೂ ಅಕ್ಕಪಕ್ಕದ ಹಟ್ಟಿಗಳ ಕುರಿಗಳಿಗೂ ಚುಚ್ಚಿದರು. ಎಲ್ಲರ ಮೊಬೈಲಿಗೂ ಮೆಸೇಜು ಬಂತು: ನಿಮ್ಮ ಕುರಿಗಳು ಸುರಕ್ಷಿತ.

ಸುರಕ್ಷಿತ ಕುರಿಗಳು ಹೇಗೆ ಸತ್ತವು ಕೇಳಿ. ಬೆಚ್ಚಗಾದ ಲಸಿಕೆ ನೀರಿಗೆ ಸಮ, ಹಿರೇಬೇನೆ ಬಂದಾಗ ತಡೆಯಲಿಲ್ಲ. ಮೊದಲು ಕಣ್ಣು ಮೂಗು ಸುರಿಯಿತು. ಆಮೇಲೆ ಬಾಯಿ ತುಂಬ ಹುಣ್ಣು. ಮರಿಗಳು ಹಸಿವಿಗೆ ಕೆಚ್ಚಲಿಗೆ ಬಾಯಿ ಹಾಕುತ್ತಿದ್ದವು, ಉರಿಗೆ ಬಿಡುತ್ತಿದ್ದವು, ಮತ್ತೆ ಹಾಕುತ್ತಿದ್ದವು. ಹಾಲು ಕಟ್ಟಿದ ತಾಯಿ ಮುಂದೆಯೇ ನಿಂತಿತ್ತು, ಮರಿ ಹಸಿದು ಸತ್ತಿತು. ಸತ್ತ ಮರಿಯನ್ನು ಎತ್ತಿಕೊಂಡು ಹೋದರೆ ತಾಯಿಯೂ ಹಿಂದೆ ಬಂದು, ಅರ್ಧ ದಾರಿಯಲ್ಲಿ ಮಲಗಿತು. ಏಳಲಿಲ್ಲ.

ಡಾಕ್ಟರ ಹತ್ತಿರ ಓಡಿದೆ. "ನೋಡಮ್ಮ, ಸಿಸ್ಟಮ್ಮಲ್ಲಿ ನಿನ್ ಕುರಿಗೆಲ್ಲ ಲಸಿಕೆ ಆಗೈತೆ. ಹಿರೇಬೇನೆ ಅಂತ ನಾನು ಹೆಂಗ್ ಬರೀಲಿ? ಏನೋ ವಿಷದ ಸೊಪ್ಪು ತಿಂದಿರ್ತವೆ" ಎಂದರು.

"ಬಾಯಿ ತುಂಬ ಹುಣ್ಣು ಸ್ವಾಮಿ, ಏನು ತಿಂತವೆ?"

ಅವರು ಪರದೆ ನೋಡುತ್ತಾ ಕೂತರು. ಅವರೂ ನಿಮಗೆ ಹೆದರಿದವರು, ನಾನು ಏನು ಹೇಳಲಿ. ಈಗ ಲೆಕ್ಕದ ಪ್ರಕಾರ ನಮ್ಮಲ್ಲಿ ರೋಗವೇ ಇಲ್ಲ. ರೋಗ ಇಲ್ಲದ ಕಾರಣ ಸುತ್ತಲ ಹಟ್ಟಿಗಳಿಗೆ ಹೊಸ ಲಸಿಕೆಯೂ ಇಲ್ಲ.

ಉಳಿದ ಕುರಿಗಳನ್ನು ನಾವು ರೊಪ್ಪದಿಂದ ಹೊರಗೆ ಬಿಟ್ಟಿಲ್ಲ. ಓಬಯ್ಯ ಸೊಪ್ಪು ಕಡಿದು ತಂದು ಹಾಕುತ್ತಾನೆ. ಅವನು ಈಗ ನಗುವುದಿಲ್ಲ. ಆದರೆ ಅಕ್ಕಪಕ್ಕದ ಹಟ್ಟಿಗಳ ಹಿಂಡುಗಳು ಮೇಯುತ್ತಾ ನಮ್ಮ ಹಳ್ಳದ ನೀರಿಗೇ ಬರುತ್ತವೆ. ಪಕ್ಕದ ಹಟ್ಟಿಯ ಶಿವಲಿಂಗಪ್ಪನಿಗೆ ದಾರಿಗೆ ಅಡ್ಡ ನಿಂತು ಹೇಳಿದೆ, ಈ ಕಡೆ ಬರಬೇಡಪ್ಪ, ನಿನ್ನ ಕುರಿಗೆ ಚುಚ್ಚಿದ್ದೂ ಬರೀ ನೀರು ಎಂದು. ಅವನು ಮೊಬೈಲು ತೆಗೆದು ಮುಖಕ್ಕೆ ಹಿಡಿದ.

"ಏಕಾಂತಕ್ಕ, ಗೌರ್ಮೆಂಟ್ ಮೆಸೇಜ್ ಐತೆ ನೋಡು, ಸುರಕ್ಷಿತ ಅಂತ. ನೀನೇನು ಡಾಕ್ಟ್ರಾ? ನಿಂದು ಮೊದ್ಲಿಂದ ಇದ್ದಿದ್ದೇ ಗೋಳು."

ಹಿಂಡು ನನ್ನ ಪಕ್ಕದಲ್ಲೇ ಹಾದು ಹಳ್ಳಕ್ಕಿಳಿಯಿತು. ನನ್ನ ಮಾತು ಯಾರೂ ನಂಬುವುದಿಲ್ಲ. ನಿಮ್ಮದನ್ನು ನಂಬುತ್ತಾರೆ. ನನ್ನ ಕುರಿಗಳಿಗಿಂತ ಹೆಚ್ಚು ನನ್ನನ್ನು ಸುಡುತ್ತಿರುವುದು ಅದೇ.

ಶಾಪ ಹಾಕೋಣವೆಂದಿದ್ದೆ. ಅದಕ್ಕೂ ಮೊದಲು ಕಿವಿಯೋಲೆ ನಂಬರು ಹತ್ತಿಸಬೇಕೆನ್ನುತ್ತೀರಿ ಎಂದು ಬಿಟ್ಟೆ. ಕೇಳುವುದು ಇಷ್ಟೇ. ಸುತ್ತೋಲೆ ಮುಟ್ಟಿದ ಪ್ರತಿಯೊಂದು ಆಸ್ಪತ್ರೆಯ ಫ್ರಿಜ್ಜನ್ನೂ ತೆರೆಸಿ ನೋಡಿ. ಆಗ ಯಾವ ಊರು ಎಂದು ನಾನು ಹೇಳುವ ಅಗತ್ಯ ಇರುವುದಿಲ್ಲ. ಹೊಸ ಲಸಿಕೆ ತರಿಸಿ ಮತ್ತೆ ಚುಚ್ಚಿಸಿ. ಅದಕ್ಕೂ ಮೊದಲು, ಇವತ್ತೇ, ಎಲ್ಲ ಮೊಬೈಲುಗಳಿಗೆ ಇನ್ನೊಂದು ಮೆಸೇಜು ಕಳುಹಿಸಿ. ಏನು ಬರೆಯುವುದೆಂದು ತೋಚದಿದ್ದರೆ ನಿಮ್ಮ ಕಂಪ್ಯೂಟರನ್ನು ಕೇಳಿ. ಅಪ್‌ಡೇಟ್ ಅರ್ಧಕ್ಕೆ ಕೆಟ್ಟಾಗೆಲ್ಲ ಮರುದಿನ ಬೆಳಿಗ್ಗೆ ಅದು ನಮ್ಮೆಲ್ಲರ ಮುಂದೆ ಒಪ್ಪಿಕೊಳ್ಳುತ್ತಿತ್ತು: ಪೂರ್ಣಗೊಳಿಸಲು ಆಗಲಿಲ್ಲ, ಮಾಡಿದ್ದನ್ನು ಹಿಂದಕ್ಕೆ ತೆಗೆಯಲಾಗುತ್ತಿದೆ. ಆ ತಗಡಿನ ಡಬ್ಬಿಗೆ ಇರುವಷ್ಟು ಮರ್ಯಾದೆ ನಿಮಗೆ ಇದ್ದರೆ ಸಾಕು, ಶಿವಲಿಂಗಪ್ಪನ ಕುರಿಗಳು ಬದುಕುತ್ತವೆ.

ಇಂತಿ,
ನಿಮ್ಮ ಲೆಕ್ಕದಲ್ಲಿ ಸುರಕ್ಷಿತವಾಗಿರುವ, ನನ್ನ ಹೊಲದ ಬದುವಿನಲ್ಲಿ ಹೂತಿರುವ ಕುರಿಗಳ ಒಡತಿ,
ಏಕಾಂತಮ್ಮ
(ಹೆಸರು ನಿಜವಾದದ್ದೇ. ನನ್ನನ್ನು ಅಮಾನತು ಮಾಡಲು ನಿಮಗೆ ಬರುವುದಿಲ್ಲ ಎಂದು ಓಬಯ್ಯ ಹೇಳಿದ್ದಾನೆ. ಆದರೂ ಭಯ ಇದೆ.)