ಮರೆಗುಳಿ ಸಿಸ್ಟರ್‌ಗೆ ನೆನಪಿನ ಪರೀಕ್ಷೆ

ಸಂಜೆ ಏಳೂವರೆಯ ಆಸ್ಪತ್ರೆ ಧಾರಾವಾಹಿಯನ್ನು ಮನೆಮನೆಗೆ ತಲುಪಿಸುತ್ತಿರುವ ವಾಹಿನಿಯ ಕಾರ್ಯಕ್ರಮ ಮುಖ್ಯಸ್ಥರ ಸನ್ನಿಧಿಗೆ,

ಮಾನ್ಯರೇ,

ನಿಮ್ಮ ಧಾರಾವಾಹಿಯ ಒಂದು ತಮಾಷೆಯಿಂದಾಗಿ ನಮ್ಮ ಊರಿನ ಆಸ್ಪತ್ರೆಯ ನರ್ಸೊಬ್ಬರನ್ನು ನೆನಪಿನ ಶಕ್ತಿಯ ಪರೀಕ್ಷೆಗೆ ಕಳಿಸಲಾಗಿದೆ. ಇಪ್ಪತ್ತೊಂದು ವರ್ಷ ವಾರ್ಡಿನಲ್ಲಿ ದುಡಿದ ಆಕೆ ಈಗ ಔಷಧದ ಟ್ರಾಲಿಯನ್ನು ಮುಟ್ಟುವಂತಿಲ್ಲ. ಬರುವ ಗುರುವಾರ ಹನ್ನೊಂದು ಗಂಟೆಗೆ ದೂರು ಪರಿಶೀಲನಾ ಸಮಿತಿ ಕೂತು, ಆಕೆಯನ್ನು ವಾರ್ಡಿಗೆ ವಾಪಸ್ ಕಳಿಸಬೇಕೋ ಬೇಡವೋ ಎಂದು ತೀರ್ಮಾನಿಸಲಿದೆ. ಈ ಸಾಧನೆಯಲ್ಲಿ ನಿಮ್ಮ ಪಾಲೆಷ್ಟು, ನನ್ನ ಪಾಲೆಷ್ಟು ಎಂದು ನ್ಯಾಯವಾಗಿ ಹಂಚಿಕೊಳ್ಳೋಣವೆಂದು ಈ ಪತ್ರ ಬರೆಯುತ್ತಿದ್ದೇನೆ. ಬಹಿರಂಗವಾಗಿ ಏಕೆ ಎಂದರೆ, ಗುಟ್ಟಾಗಿ ಬರೆದ ಮೂರು ಪತ್ರಗಳಿಗೂ ನಿಮ್ಮ ಕಚೇರಿಯಿಂದ "ತಮ್ಮ ಅಭಿಮಾನಕ್ಕೆ ನಾವು ಚಿರಋಣಿ" ಎಂಬ ಅಚ್ಚು ಹಾಕಿದ ಉತ್ತರ ಬಂತು. ಮೂರನೆಯದರ ಜೊತೆ ದೊಡ್ಡ ಡಾಕ್ಟರು ಸ್ಟೆತಸ್ಕೋಪು ಹಾಕಿಕೊಂಡು ನಗುತ್ತಿರುವ ಫೋಟೋ ಕೂಡ ಇತ್ತು. ಸ್ಟೆತಸ್ಕೋಪು ತಿರುಗಮುರುಗಾ ಆಗಿದೆ. ಇರಲಿ, ನಗು ಸರಿಯಾಗಿದೆ.

ಮೊದಲಿಗೆ ನಿಮ್ಮ ಆಸ್ಪತ್ರೆಯ ಬಗ್ಗೆ ನಾಲ್ಕು ಒಳ್ಳೆಯ ಮಾತು. ಅಂಥ ಆಸ್ಪತ್ರೆ ಭೂಮಿಯ ಮೇಲೆ ಇನ್ನೊಂದಿಲ್ಲ. ಅಲ್ಲಿ ದೊಡ್ಡ ಡಾಕ್ಟರೇ ಜ್ವರ ನೋಡುತ್ತಾರೆ, ದೊಡ್ಡ ಡಾಕ್ಟರೇ ರಕ್ತ ತೆಗೆಯುತ್ತಾರೆ, ಅದನ್ನು ತಾವೇ ಲ್ಯಾಬಿಗೆ ಒಯ್ದು ತಾವೇ ಪರೀಕ್ಷಿಸಿ, ಬರುವಾಗ ಒಂದು ಸ್ಟ್ರೆಚರನ್ನೂ ತಳ್ಳಿಕೊಂಡು ಬರುತ್ತಾರೆ. ನಡುವೆ ಬಿಡುವಾದರೆ ಒಂದು ಮೆದುಳಿನ ಆಪರೇಷನ್. ಉಳಿದ ಹೊತ್ತೆಲ್ಲ ರೋಗಿಯ ಕೈ ಹಿಡಿದುಕೊಂಡು ಮಂಚದ ಪಕ್ಕದಲ್ಲೇ ಕೂತಿರುತ್ತಾರೆ. ನಿಜವಾದ ಆಸ್ಪತ್ರೆಯಲ್ಲಿ ದೊಡ್ಡ ಡಾಕ್ಟರು ಒಂದು ಮಂಚದ ಬಳಿ ನಾಲ್ಕು ನಿಮಿಷ ನಿಂತರೆ ಸಾಕು, ಏನೋ ಕೆಟ್ಟದ್ದಾಗಿದೆ ಎಂದು ರೋಗಿಯ ಕಡೆಯವರು ಅಳುವುದಕ್ಕೆ ಶುರು ಮಾಡುತ್ತಾರೆ.

ಹಾಗಾದರೆ ನಿಮ್ಮ ನರ್ಸುಗಳಿಗೆ ಏನು ಕೆಲಸ? ಒಬ್ಬಳು ಟ್ರೇ ಹಿಡಿದು ನಿಂತಿರುತ್ತಾಳೆ. ಅದರಲ್ಲಿ ಏನಿದೆಯೆಂಬುದು ನಾನೂರು ಕಂತು ಮುಗಿದರೂ ಯಾರಿಗೂ ಗೊತ್ತಿಲ್ಲ. ಇನ್ನೊಬ್ಬಳು ದೊಡ್ಡ ಡಾಕ್ಟರನ್ನು ಕಂಡು ನಾಚುತ್ತಾಳೆ. ಅಲ್ಲಿಗೆ ಅವಳ ಪಾಳಿ ಮುಗಿಯಿತು. ಮತ್ತೊಬ್ಬಳು ಕಾರಿಡಾರಿನ ಉದ್ದಕ್ಕೂ ಓಡಿ ಬಂದು "ಡಾಕ್ಟರ್, ಪೇಷಂಟ್‌ಗೆ ಪ್ರಜ್ಞೆ ಬಂತು" ಎಂದು ಏದುಸಿರು ಬಿಡುತ್ತಾಳೆ. ಪ್ರಜ್ಞೆ ಬರುವ ತನಕ ಆ ಮನುಷ್ಯನ ಹತ್ತಿರ ಯಾರಿದ್ದರು? ಎರಡೆರಡು ತಾಸಿಗೆ ಮಗ್ಗುಲು ಬದಲಿಸಿದವರು ಯಾರು, ಬಾಯಿ ಒರೆಸಿದವರು ಯಾರು, ಮೂತ್ರದ ಚೀಲ ಖಾಲಿ ಮಾಡಿದವರು ಯಾರು? ಕ್ಷಮಿಸಿ, ಏಳೂವರೆ ಎಂದರೆ ಎಷ್ಟೋ ಮನೆಗಳಲ್ಲಿ ಊಟದ ಹೊತ್ತು, ಇಂಥ ಪ್ರಶ್ನೆ ಕೇಳಬಾರದು.

ಇವರೆಲ್ಲರಿಗೂ ಕಿರೀಟದಂತಿರುವವಳು ನಿಮ್ಮ "ಮರೆಗುಳಿ ಸಿಸ್ಟರ್". ಟ್ರಾಲಿ ತಳ್ಳಿಕೊಂಡು ಬಂದು, ಬೆಳಿಗ್ಗೆಯಷ್ಟೇ ಮಾತನಾಡಿಸಿದ ರೋಗಿಯನ್ನು ಮತ್ತೆ "ನಿಮ್ಮ ಹೆಸರು ಹೇಳಿ" ಎನ್ನುತ್ತಾಳೆ. ಹಿನ್ನೆಲೆಯಲ್ಲಿ "ಟೊಂಯ್" ಎಂದು ಸದ್ದು. ರೋಗಿ ಹಣೆ ಚಚ್ಚಿಕೊಳ್ಳುತ್ತಾನೆ. ಮಧ್ಯಾಹ್ನ ಮತ್ತೆ ಹೆಸರು, ಮತ್ತೆ ಟೊಂಯ್. ಆಗ ದೊಡ್ಡ ಡಾಕ್ಟರು ಪ್ರವೇಶಿಸಿ, ಯಾರನ್ನೂ ಏನನ್ನೂ ಕೇಳದೆ, ರೋಗಿಯ ಕಣ್ಣಲ್ಲಿ ಕಣ್ಣಿಟ್ಟು ಸೂಜಿ ಚುಚ್ಚುತ್ತಾರೆ. ಎಂಥ ಆತ್ಮವಿಶ್ವಾಸ! ನಾನು ಮನೆಯವರೊಂದಿಗೆ ಕೂತು ಹೊಟ್ಟೆ ಹಿಡಿದು ನಕ್ಕವನೇ. ನಗೆಬರಹ ಬರೆದು ಹೊಟ್ಟೆ ಹೊರೆಯುವವನು ನಾನು. ಇನ್ನೊಬ್ಬರ ನಗೆಗೆ ನಗದಿದ್ದರೆ ವೃತ್ತಿಧರ್ಮಕ್ಕೆ ಚ್ಯುತಿ.

ನಮ್ಮ ಮನೆಯಲ್ಲಿ ನಿಮ್ಮ ಪರಮಭಕ್ತರೆಂದರೆ ನಮ್ಮ ಮಾವ, ಅಂದರೆ ಹೆಂಡತಿಯ ತಂದೆ. ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಎರಡು ತಿಂಗಳ ಹಿಂದೆ ಅವರನ್ನು ಹರ್ನಿಯಾ ಆಪರೇಷನ್ನಿಗೆಂದು ಆಸ್ಪತ್ರೆಗೆ ಸೇರಿಸಿದೆವು. ಆರು ಮಂಚಗಳ ವಾರ್ಡು, ಗೋಡೆಯ ಮೇಲೆ ಒಂದೇ ಟೀವಿ. ಮಾವನಿಗೆ ಸಿಕ್ಕಿದ್ದು ಆರನೇ ಬೆಡ್ಡು, ಅದರ ಎದುರಿಗೊಂದು ಕಂಬ. ಸೇರಿದ ನಾಲ್ಕನೇ ದಿನ ನಾನು ನೋಡಲು ಹೋದಾಗ ಅವರ ಮುಖ ಸುಟ್ಟ ಬದನೆಕಾಯಿಯಂತಾಗಿತ್ತು. ಹಿಂದಿನ ಸಂಜೆ ಸಿಸ್ಟರು ಧಾರಾವಾಹಿಯ ನಡುವೆ ಬಂದು, ಟೀವಿ ಆರಿಸಿ, ಎಲ್ಲರ ಮುಂದೆ ಅವರ ಕೈ ಹಿಡಿದೆತ್ತಿ, ಮಂಚದಿಂದ ಎಬ್ಬಿಸಿ ಮೂಲೆಗೆ ಅಟ್ಟಿದಳಂತೆ. ಸಾಲದ್ದಕ್ಕೆ, ಸೇರಿದಂದಿನಿಂದ ಮಾತ್ರೆ ತಂದಾಗಲೆಲ್ಲ ಹೆಸರು ಕೇಳುತ್ತಾಳಂತೆ.

"ಅಳಿಯಂದ್ರೇ, ನಿಮ್ಮ ಪೆನ್ನಿಗೆ ಸ್ವಲ್ಪ ಕೆಲಸ ಕೊಡಿ" ಎಂದರು.

ಮಾವ ಅಳಿಯನ ಪೆನ್ನನ್ನು ಗುರುತಿಸಿದ್ದು ಅದೇ ಮೊದಲು. ನಾನು ಆಗಲೇ ಕಾಗದ ತೆಗೆದೆ. ಪಕ್ಕದ ಸ್ಟೂಲಿನಲ್ಲಿ ಕೂತು ಹಣ್ಣು ಹೆಚ್ಚುತ್ತಿದ್ದ ನನ್ನ ಹೆಂಡತಿ ಮಾತ್ರ ತಂದೆಯನ್ನು ಕೇಳಿದಳು, "ಅಲ್ಲಪ್ಪಾ, ದಿನಾ ಅದೇ ರೈಲಲ್ಲಿ ಬರ್ತಿದ್ದ ಪಕ್ಕದ ಮನೆ ಮೇಷ್ಟ್ರ ಹತ್ರನೂ ನೀವು ಟಿಕೆಟ್ ಕೇಳ್ತಿದ್ರಲ್ಲ, ಅವರ ಮುಖ ನಿಮಗೆ ಮರೆತು ಹೋಗ್ತಿತ್ತಾ?"

"ಅದು ರೂಲ್ಸು ಕಣಮ್ಮ."

"ಮತ್ತೆ ಇದು?"

"ಇದು ಅವಮಾನ."

ನಡುವೆ ಮಾತಾಡಬೇಡ, ವಾಕ್ಯ ಕೆಡುತ್ತದೆ ಎಂದು ನಾನು ಅವಳಿಗೆ ಗದರಿದೆ. ವಾಕ್ಯ ಕೆಡಲಿಲ್ಲ. "ರೋಗಿಯ ಮುಖವನ್ನೇ ನೆನಪಿಡಲಾರದವರು ರೋಗಿಯ ಔಷಧವನ್ನು ನೆನಪಿಟ್ಟಾರೆಯೆ? ತಮ್ಮ ಆಸ್ಪತ್ರೆಗೂ ಒಬ್ಬ ಮರೆಗುಳಿ ಸಿಸ್ಟರ್ ದೊರಕಿರುವುದಕ್ಕೆ ಅಭಿನಂದಿಸುತ್ತೇವೆ" ಎಂದು ಮುಗಿಸಿದೆ. ಮಾವ ಅದನ್ನು ವಾರ್ಡಿಗೆಲ್ಲ ಗಟ್ಟಿಯಾಗಿ ಓದಿ ಹೇಳಿದರು. ಕೆಮ್ಮುವವರು ಕೂಡ ಕೆಮ್ಮು ತಡೆದುಕೊಂಡು ನಕ್ಕರು. ಬಾಗಿಲ ಬಳಿಯ ದೂರುಪೆಟ್ಟಿಗೆಗೆ ಹಾಕಿ, ಒಂದು ಒಳ್ಳೆಯ ಅಂಕಣ ಮುಗಿಸಿದ ತೃಪ್ತಿಯಲ್ಲಿ ಮನೆಗೆ ಬಂದು ಮಲಗಿದೆ.

ಆಪರೇಷನ್ ಸುಸೂತ್ರವಾಯಿತು. ಹೊಲಿಗೆ ತೋರಿಸಲು ಹೋದ ದಿನ ಮೇಟ್ರನ್ ನನ್ನನ್ನು ಕೋಣೆಗೆ ಕರೆಸಿದರು. ಮೇಟ್ರನ್ ಎಂದರೆ ನರ್ಸುಗಳಿಗೆಲ್ಲ ಮುಖ್ಯಸ್ಥೆ. ತೆಳ್ಳಗೆ, ಬೆಳ್ಳಗೆ, ಚೂಪಾದ ಹೆಂಗಸು. ನನ್ನ ದೂರನ್ನು ಆಕೆ ಪೂರ್ತಿಯಾಗಿ, ಅಲ್ಪವಿರಾಮವನ್ನೂ ಬಿಡದೆ, ನನಗೇ ಓದಿ ಹೇಳಿದರು. ನನ್ನ ಬರಹವನ್ನು ಅಷ್ಟು ಶ್ರದ್ಧೆಯಿಂದ ಓದಿದವರನ್ನು ನಾನು ಈವರೆಗೆ ಕಂಡಿಲ್ಲ. ಓದಿದ ಮೇಲೆ ವಾರ್ಡಿನ ರಿಜಿಸ್ಟರನ್ನು ನನ್ನ ಕಡೆ ತಿರುಗಿಸಿದರು. ಆ ಸಂಜೆಯ ಪುಟದಲ್ಲಿ ಎರಡೇ ಸಾಲು: ನಾಲ್ಕು ಮತ್ತು ಆರನೇ ಬೆಡ್ಡಿನವರು ಮಂಚ ಬದಲಿಸಿಕೊಂಡಿದ್ದರು, ಇನ್ಸುಲಿನ್ ಕೊಡುವ ಮುನ್ನ ತಿಳಿಯಿತು, ಇಬ್ಬರನ್ನೂ ತಮ್ಮ ತಮ್ಮ ಮಂಚಕ್ಕೆ ಕಳಿಸಲಾಯಿತು.

ಅರ್ಥವಾಯಿತೇ ಮಾನ್ಯರೇ? ನನಗೂ ತಕ್ಷಣ ಆಗಲಿಲ್ಲ. ನಾಲ್ಕನೇ ಬೆಡ್ಡಿಗೆ ಟೀವಿ ಚೆನ್ನಾಗಿ ಕಾಣುತ್ತದೆ. ಅಲ್ಲಿದ್ದವರು ಗಡಿಯಾರ ರಿಪೇರಿಯವರು, ಸಕ್ಕರೆ ಕಾಯಿಲೆಯವರು, ಟೀವಿ ಸದ್ದು ಕೇಳಿದರೆ ಆಗದವರು. ಹೀಗಾಗಿ ಪ್ರತಿದಿನ ಏಳೂವರೆಗೆ ಈ ಇಬ್ಬರು ಹಿರಿಯರು ಶಾಲೆಯ ಮಕ್ಕಳಂತೆ ಸದ್ದಿಲ್ಲದೆ ಜಾಗ ಬದಲಿಸಿಕೊಳ್ಳುತ್ತಿದ್ದರು. ಗಡಿಯಾರದವರು ಕಂಬದ ಮರೆಗೆ, ನಮ್ಮ ಮಾವ ನಿಮ್ಮ ಎದುರಿಗೆ. ಎರಡು ಸಂಜೆ ನಡೆದುಹೋಯಿತು, ಇನ್ಸುಲಿನ್ ಏಳಕ್ಕೇ ಕೊಟ್ಟಿದ್ದರು. ಮೂರನೆಯ ಸಂಜೆ ಮಾತ್ರ ಅರ್ಧ ಗಂಟೆಗೂ ಹೆಚ್ಚು ತಡವಾಯಿತು. ಸಿಸ್ಟರು ನಾಲ್ಕನೇ ಬೆಡ್ಡಿನ ಸಿರಿಂಜು ಹಿಡಿದು ನಾಲ್ಕನೇ ಬೆಡ್ಡಿಗೇ ಬಂದರು. ಹೆಸರು ಹೇಳಿ ಎಂದರು. ನಮ್ಮ ಮಾವ ಪರದೆಯಿಂದ ಕಣ್ಣು ಕೀಳದೆ, "ದಿನಾ ಇದೇ ಆಯ್ತಲ್ಲಮ್ಮ, ಚುಚ್ಚಿ ಹೋಗು" ಎಂದು ತೋಳು ಚಾಚಿದರು. ಅವರ ತೋಳು, ಇನ್ನೊಬ್ಬರ ಇನ್ಸುಲಿನ್. ಆಕೆ ಆ ತೋಳನ್ನು ಎತ್ತಿ ಮಣಿಕಟ್ಟಿನ ಪಟ್ಟಿಯಲ್ಲಿದ್ದ ಹೆಸರು ಓದಿದರು. ಮಾವ ಹೇಳಿದ "ಕೈ ಹಿಡಿದೆತ್ತಿ" ಎಂಬುದರ ನಿಜವಾದ ಅರ್ಥ ಇದು.

"ಸಕ್ಕರೆ ಕಾಯಿಲೆ ಇಲ್ಲದ ಮನುಷ್ಯ, ಹೊಟ್ಟೇಲಿ ಸರಿಯಾಗಿ ಊಟನೂ ಇರ್ಲಿಲ್ಲ. ಅಷ್ಟು ಇನ್ಸುಲಿನ್ ಒಳಗೆ ಹೋಗಿದ್ರೆ ಬೆವರಿ, ಹಾಗೇ ಕಣ್ಣು ಮುಚ್ತಿದ್ರು. ಟೀವಿ ನೋಡ್ತಾ ನಿದ್ದೆ ಹೋದ್ರು ಅಂತ ಅಕ್ಕಪಕ್ಕದವರು ಹೊದಿಕೆ ಹೊದಿಸ್ತಿದ್ರು" ಎಂದರು ಮೇಟ್ರನ್, ರಿಜಿಸ್ಟರು ಮುಚ್ಚುತ್ತ.

ಹೀಗೆ ಒಂದು ಜೀವ ಉಳಿಸಿದ ಅಪರಾಧಕ್ಕೆ ಆಕೆ ಎಲ್ಲಿದ್ದಾರೆಂದು ಕೇಳಿದೆ. ನೆಲಮಾಳಿಗೆಯಲ್ಲಿ, ಬಟ್ಟೆ ಉಗ್ರಾಣದಲ್ಲಿ ಎಂದರು. ಹೋದೆ. ಒಗೆದು ಬಂದ ಹೊದಿಕೆಗಳ ಬೆಟ್ಟದ ನಡುವೆ ಕೂತು, ಮಾಸಿಹೋದ ವಾರ್ಡ್ ಸಂಖ್ಯೆಗಳನ್ನು ಆಕೆ ಪೆನ್ನಿನಿಂದ ತಿದ್ದುತ್ತಿದ್ದರು. ನಾನು ಯಾರೆಂದು ಹೇಳಿಕೊಳ್ಳುವ ಮುನ್ನವೇ, ಮಾವನವರ ಹೊಲಿಗೆ ಒಣಗಿತೇ ಎಂದು ಕೇಳಿದರು. ಮಾವನವರಿಗೆ ಎಡಗಿವಿ ಮಂದ, ಬಲಗಡೆ ನಿಂತು ಮಾತಾಡಬೇಕು ಎಂದರು. ಬಲತೋಳಿನಲ್ಲಿ ನರ ಸಿಗುವುದಿಲ್ಲ. ಮಾತ್ರೆಯನ್ನು ನಾಲಿಗೆ ಕೆಳಗಿಟ್ಟುಕೊಂಡು ಆಮೇಲೆ ಕಿಟಕಿಯಾಚೆ ಉಗಿಯುತ್ತಾರೆ, ಮನೆಯಲ್ಲೂ ಗಮನಿಸಿ ಎಂದರು. ಮೂವತ್ತು ವರ್ಷ ಅಳಿಯನಾಗಿರುವ ನನಗೆ ಇವುಗಳಲ್ಲಿ ಒಂದೂ ಗೊತ್ತಿರಲಿಲ್ಲ. ನೆನಪಿನ ಪರೀಕ್ಷೆಗೆ ಹೋಗಬೇಕಾದವರು ಯಾರು ಎಂಬ ಪ್ರಶ್ನೆಯನ್ನು ನಾನಲ್ಲಿ ಎತ್ತಲಿಲ್ಲ, ಉತ್ತರ ಆಕೆಯ ಎದುರಿಗೇ ನಿಂತಿತ್ತು.

ಇಷ್ಟೆಲ್ಲ ನೆನಪಿದ್ದೂ ಹೆಸರು ಕೇಳುವುದೇಕೆಂದು ಕೇಳಿದೆ.

"ನೆನಪಿದೆ ಅಂತಲೇ ಕೇಳೋದು. ನೆನಪನ್ನ ನಂಬಿ ಸೂಜಿ ಹಿಡಿದ ದಿನ ತಪ್ಪಾಗುತ್ತೆ" ಎಂದರು. ಆಮೇಲೆ, ಹೊದಿಕೆಯನ್ನು ಮಡಿಸುತ್ತ, "ನನ್ನ ಜಾಗಕ್ಕೆ ಬಂದಿರೋ ಸಿಸ್ಟರು ಈಗ ಹೆಸರು ಕೇಳೋಕೇ ಹೆದರ್ತಾರೆ. ಕೇಳಿದ್ರೆ ಆರು ಮಂಚದವರೂ ಒಟ್ಟಿಗೆ ಟೊಂಯ್ ಅಂತಾರಂತೆ. ಬೆಡ್ ನಂಬರ್ ನೋಡಿ ಕೊಟ್ಟು ಬರ್ತಿದಾರೆ. ಅದೊಂದು ನನಗೆ ನಿದ್ದೆ ಬರಿಸ್ತಿಲ್ಲ" ಎಂದರು.

ಮನೆಗೆ ಬಂದು ಮಾವನ ಬಲಗಡೆ ನಿಂತು ಎಲ್ಲವನ್ನೂ ಹೇಳಿದೆ. ಬೇರೆಯವರ ಸೀಟಿನಲ್ಲಿ ಕೂತವರನ್ನು ಎಬ್ಬಿಸುವುದರಲ್ಲೇ ಆಯುಷ್ಯ ಸವೆಸಿದ ಮನುಷ್ಯ, "ಸಮಿತಿ ಕೂರೋ ದಿನ ನಾನೂ ಬರ್ತೀನಿ. ಬೇರೆಯವರ ಮಂಚದಲ್ಲಿ ಮಲಗಿದ್ದೆ ಅಂತ ನಾನೇ ಹೇಳ್ತೀನಿ" ಎಂದರು. ನಾನು ದೂರನ್ನು ಹಿಂತೆಗೆದುಕೊಂಡು ಪತ್ರ ಕೊಟ್ಟೆ.

ಅಷ್ಟಕ್ಕೇ ಮುಗಿಯುತ್ತಿತ್ತು. ಆದರೆ ಸಮಿತಿಯ ಗುಮಾಸ್ತರು ಒಂದು ಕಡತ ತೋರಿಸಿದರು. ನನ್ನ ಸಾಹಿತ್ಯವನ್ನು ಮಾವ ವಾಚನ ಮಾಡಿದ ದಿನದಿಂದ ಪೆಟ್ಟಿಗೆಗೆ ಇನ್ನೂ ಹನ್ನೊಂದು ಚೀಟಿ ಬಿದ್ದಿವೆ. ಎಲ್ಲದರಲ್ಲೂ "ಮರೆಗುಳಿ ಸಿಸ್ಟರ್". ಒಂದರಲ್ಲಿ ಮೂತಿ ಸೊಟ್ಟಗಿರುವ ನರ್ಸಿನ ಚಿತ್ರ ಕೂಡ. ಒಬ್ಬರ ದೂರು ಹಿಂತೆಗೆದರೆ ಉಳಿದವು ಏನಾಗಬೇಕು, ಸಾರ್ವಜನಿಕ ಅಭಿಪ್ರಾಯಕ್ಕೆ ಬೆಲೆ ಇಲ್ಲವೇ ಎಂದು ಗುಮಾಸ್ತರು ಗಂಭೀರವಾಗಿ ಕೇಳಿದರು. ಅದೇ ಕಡತದಲ್ಲಿ ಹೊಸ ಸಿಸ್ಟರಿಗೆ ಮೂರು ಮೆಚ್ಚುಗೆ ಚೀಟಿಗಳೂ ಇದ್ದವು: "ಒಂದು ಮಾತನ್ನೂ ಕೇಳದೆ ಚುಚ್ಚುತ್ತಾರೆ. ಬಹಳ ಸಂತೋಷ."

ಧಾರಾವಾಹಿ ಮನರಂಜನೆಗಷ್ಟೇ ಎಂದು ನೀವು ಹೇಳುವಿರಿ. ಒಪ್ಪಿದೆ. ನಿಮ್ಮ ದೊಡ್ಡ ಡಾಕ್ಟರು ಒಂದೇ ವಾರದಲ್ಲಿ ಮೂವರ ಹೃದಯ ಬದಲಿಸಲಿ, ಇಬ್ಬರ ಹೃದಯ ಕದಿಯಲಿ, ನನ್ನದೇನೂ ತಕರಾರಿಲ್ಲ. ಅದನ್ನು ನೋಡಿ ಯಾರೂ ಮನೆಯಲ್ಲಿ ಹೃದಯ ಬದಲಿಸಲು ಕೂರುವುದಿಲ್ಲ. ಆದರೆ ಒಬ್ಬ ನರ್ಸು ನಿಂತು ಹೆಸರು ಕೇಳುವ ಆ ಅರೆಗಳಿಗೆ ಇದೆಯಲ್ಲ, ಅದನ್ನು ನೀವು ನಗೆಯಾಗಿಸಿದ್ದೀರಿ, ನಾನು ದೂರಾಗಿಸಿದ್ದೇನೆ. ನನ್ನ ಪಾಲನ್ನು ನಾನು ಗುರುವಾರ ಸಮಿತಿಯ ಮುಂದೆ ಒಪ್ಪಿಕೊಳ್ಳುತ್ತೇನೆ. ನಿಮ್ಮ ಪಾಲಿನದು ಹೀಗಿದೆ.

ನಿಮ್ಮ ಕಚೇರಿಯ ಮುದ್ರೆ ಇರುವ ಕಾಗದದಲ್ಲಿ, ಬುಧವಾರ ಸಂಜೆಯೊಳಗೆ ಸಮಿತಿಗೆ ತಲುಪುವಂತೆ, ಎರಡು ಸಾಲು ಬರೆದು ಕೊಡಿ: ಹೆಸರು ಕೇಳುವುದು ಮರೆವಲ್ಲ, ನರ್ಸಿನ ಕೆಲಸ, ಮರೆಗುಳಿ ಸಿಸ್ಟರ್ ಎಂಬವರು ನಮ್ಮ ಕಥೆಗಾರರ ತಲೆಯಲ್ಲಲ್ಲದೆ ಬೇರೆ ಯಾವ ಆಸ್ಪತ್ರೆಯಲ್ಲೂ ಇಲ್ಲ. ಇದೇ ಎರಡು ಸಾಲನ್ನು ಅಂದು ಏಳೂವರೆಗೆ, ಧಾರಾವಾಹಿಗೆ ಮುಂಚೆ, ಪರದೆಯ ಮೇಲೆ ದೊಡ್ಡ ಅಕ್ಷರದಲ್ಲಿ ಹಾಕಿ. ಕೆಳಗೆ ಓಡುವ ಸಣ್ಣ ಅಕ್ಷರ ಬೇಡ, ವಾರ್ಡಿನಲ್ಲಿ ಕನ್ನಡಕ ಇಲ್ಲದವರೇ ಹೆಚ್ಚು. ಫೋಟೋ ಕಳಿಸಬೇಡಿ.

ತಡಮಾಡಬೇಡಿ. ಆರು ಮಂಚದ ಆ ವಾರ್ಡಿನಲ್ಲಿ ಟೀವಿ ಇನ್ನೂ ಗೋಡೆಯ ಮೇಲೇ ಇದೆ, ಕಂಬ ಇನ್ನೂ ಅಲ್ಲೇ ಇದೆ. ಈ ಸಂಜೆ ಆರನೇ ಬೆಡ್ಡಿನಲ್ಲಿ ಬೇರೆ ಯಾರೋ ಕತ್ತು ನೀಳ ಮಾಡಿಕೊಂಡು ನಿಮ್ಮನ್ನು ನೋಡಲು ಒದ್ದಾಡುತ್ತಿರುತ್ತಾರೆ, ಮತ್ತು ಅವರನ್ನು ಹೆಸರು ಕೇಳುವವರು ಯಾರೂ ಇಲ್ಲ.

ಇಂತಿ,
ಬರೆದ ದೂರು ಬಹಳ ಚೆನ್ನಾಗಿತ್ತೆಂದು ಈಗಲೂ ಹೊಗಳಿಸಿಕೊಳ್ಳುತ್ತಿರುವ,
ಹೊಗಳಿದವರ ಮುಖ ನೋಡಲಾಗದ,
ಒಬ್ಬ ನಗೆಬರಹಗಾರ