ಗಾಳಿಮರದ ಕೆಳಗಿನ ನಮ್ಮ ಜಾಗ

ಅಪ್ಪ,

ಕೆಸುವಿನ ಗೆಡ್ಡೆ ಬೇಯಿಸಿ ಅರೆದ ಪೋಯಿ ಫ್ರಿಜ್ಜಿನಲ್ಲಿದೆ, ಗಟ್ಟಿಯಾಗಿದ್ದರೆ ನೀರು ಬೆರೆಸಿಕೋ. ಒಣಮೀನು ಬೆಕ್ಕಿಗೆ ಸಿಗದ ಹಾಗೆ ಮೇಲಿನ ಕಪಾಟಿನಲ್ಲಿದೆ. ನಾನು ವೈಮಾನಾಲೊ ಕಡಲ ಪಾರ್ಕಿಗೆ ಹೋಗಿದ್ದೇನೆ. ಡೇರೆ ಹಾಕಲು ಪರವಾನಗಿ ತೆಗೆಸಿದ್ದೇನೆ.

ನಿನ್ನೆ ಪಕ್ಕದ ಬೀದಿಯ ಮೋಮಿ ಆಂಟಿ ಅಂಗಡಿಯಲ್ಲಿ ಸಿಕ್ಕಿದಳು. "ಈ ಸಲದಿಂದ ನಿಮ್ಮ ಜಾಗದಲ್ಲಿ ನಾವೇ ಡೇರೆ ಹಾಕ್ತೀವಿ ಕಣೋ. ನಿಮ್ಮಪ್ಪನೇ ಹಾಕ್ಕೊಳ್ಳಿ ಅಂದ್ರು," ಅಂದಳು. ಪಾರ್ಕು ಎಲ್ಲರದ್ದೂ ಹೌದು. ಆದರೆ ಪ್ರತಿ ಬೇಸಿಗೆ ಆ ಗಾಳಿಮರಗಳ ಕೆಳಗೆ ಯಾವ ಮನೆಯವರ ಡೇರೆ ಎಲ್ಲಿ ಎಂದು ಅಲ್ಲಿ ಎಲ್ಲರಿಗೂ ಗೊತ್ತು. ಒಂದು ಬೇಸಿಗೆ ಬಿಟ್ಟರೆ ಹೋಯಿತು, ಮತ್ತೆ ಕೇಳುವ ಹಾಗಿಲ್ಲ. ಇದನ್ನು ನನಗೆ ಹೇಳಿಕೊಟ್ಟವನೇ ನೀನು. ಅಮ್ಮನ ಬೂದಿ ಬಿಟ್ಟದ್ದು ಆ ಜಾಗದ ಎದುರಿನ ನೀರಿಗೆ. ಅದನ್ನು ಹಳೇ ಕುರ್ಚಿ ಕೊಡುವ ಹಾಗೆ ಕೊಟ್ಟುಬಿಟ್ಟೆಯಲ್ಲ.

ನಾವು ಬರ್ತೀವಿ ಅಂದೆ. "ಅಪ್ಪನೂ ಬಂದ್ರೆ ಬಿಟ್ಕೊಡ್ತೀನಿ. ನೀನೊಬ್ಬನೇ ಕೂತ್ರೆ ಅದು ಮನೆಯವರು ಬಂದಂಗಲ್ಲ ಮರಿ," ಅಂದಳು. ಇವತ್ತು ಸಂಜೆಯವರೆಗೆ ಕಾಯುತ್ತಾಳಂತೆ.

ಬಂದು ನೀನು ಯಾರ ಜೊತೆಯೂ ಮಾತಾಡಬೇಕಾಗಿಲ್ಲ. ನನ್ನ ಜೊತೆಯೂ ಬೇಡ. ಅಮ್ಮ ಹೋದ ಮೇಲೆ ಈ ಮನೆಯಲ್ಲಿ ಟೀವಿ ಒಂದೇ ಮಾತಾಡುವುದು, ನನಗೆ ಅಭ್ಯಾಸವಾಗಿದೆ. ಗಾಡಿ ನಾನು ಒಯ್ದಿದ್ದೇನೆ, ಬಸ್ಸು ಪಾರ್ಕಿನ ಎದುರಿಗೇ ನಿಲ್ಲುತ್ತದೆ. ಮಾತ್ರೆ ಮರೆಯಬೇಡ.

ದೊಡ್ಡ ಡೇರೆಯನ್ನೇ ಒಯ್ದಿದ್ದೇನೆ. ಆ ಗಾಳಿಯಲ್ಲಿ ಅದನ್ನು ಒಬ್ಬನೇ ನಿಲ್ಲಿಸಲು ಆಗುವುದಿಲ್ಲ. ನೀನು ಬರುವ ತನಕ ಬಿಚ್ಚದೆ ಅದರ ಮೇಲೆಯೇ ಕೂತಿರುತ್ತೇನೆ.

ಇಕಾಯ್ಕಾ