ಎರೆಹೊಲಕ್ಕೆ ಉಪ್ಪು ತಿನ್ನಿಸಿದವರಿಗೆ

ಶಕೆ ೨೧೬೫, ಎಳ್ಳಮಾವಾಸ್ಯೆ
ಎರೆಹೊಸೂರು, ಕೃಷ್ಣೆಯ ದಂಡೆ

ಇನ್ನೂರು ವರ್ಷ ಹಿಂದಿನ ನಮ್ಮ ಹಿರಿಯರಿಗೆ ಗುರುಪಾದವ್ವನ ಶರಣು. ಇನ್ನೂ ಹುಟ್ಟದವಳು ಬರೆಯುತ್ತಿದ್ದೇನೆ. ಕಲಿತದ್ದು ಊರ ಸಾಲಿಯಲ್ಲಿ ಏಳನೆಯ ಇಯತ್ತೆ. ನಮ್ಮ ಕಾಲದ ಮಾತು ವಿಚಿತ್ರ ಅನಿಸಿದರೆ ಹೊಟ್ಟೆಯಲ್ಲಿ ಹಾಕಿಕೊಳ್ಳಿರಿ. ಸಿಟ್ಟಿಗೆ ಮಾತ್ರ ಕ್ಷಮೆ ಕೇಳುವುದಿಲ್ಲ.

ನಾವಿಲ್ಲಿ ತೊಳೆಪಾಳಿಯ ಮೇಲೆ ಬದುಕುತ್ತೇವೆ. ತೊಳೆಪಾಳಿ ಅಂದರೆ ಹೊಲದ ಉಪ್ಪು ತೊಳೆಯುವ ಸರದಿ. ಮಳೆನೀರು ಹಿಡಿದು, ಮಡಿಗೆ ಬಿಟ್ಟು, ಬಸಿದು ಕಳಿಸುವುದು, ವಾರಕ್ಕೊಂದು ಮನೆ. ಹನ್ನೊಂದು ವರ್ಷ ತೊಳೆದ ಮೇಲೆ ಈ ಸಲ ನನ್ನ ಹೊಲದ ಒಂದು ಮೂಲೆಯಲ್ಲಿ ಬಿಳಿಜೋಳ ತೆನೆ ಹಾಕಿದೆ. ಅದರ ಮುಂದೆ ನಿಂತು ಅತ್ತೆ.

ನಿನ್ನೆ ನೆಲದಫ್ತರದ ಮಲಕಾಜಿ ಬಂದು ನಾಡಿನ ಹೊಸ ಭೂಗೋಳದ ಪುಸ್ತಕ ತೆರೆದ. ಮಳೆ ಎಷ್ಟು, ಹೊಳೆ ಯಾವ ದಿಕ್ಕಿಗೆ, ಎಲ್ಲ ಸರಿಯಾಗಿದೆ; ಮನುಷ್ಯರ ಸಂಗತಿಯೊಂದೇ ಸುಳ್ಳು. ನಕಾಶೆಯಲ್ಲಿ ನಮ್ಮ ಸೀಮೆ ಬೆಳ್ಳಗೆ: "ಆದಿಯಿಂದ ಉಪ್ಪಿನ ಸವಳುನೆಲ, ಒಕ್ಕಲುತನ ಇರಲಿಲ್ಲ." ಆ ಬರಹವೇ ನಿಂತರೆ ಯುಗಾದಿಗೆ ನನ್ನ ಹೊಲ ಉಪ್ಪು ತೆಗೆದು ಮಾರುವವರ ಪಾಲು.

"ಇಲ್ಲಿ ಜ್ವಾಳ ಬೆಳೀತಿತ್ತು ಅನ್ನೂದಕ್ಕ ಗುರುತೇನೈತ್ರಿ, ಅವ್ವಾರ?" ಅಂದ.

"ತಮ್ಮಾ, ನಿಮ್ಮ ಮುತ್ತಜ್ಜ ತಿಂದ ರೊಟ್ಟಿ ಮುಗಿಲಿಂದ ಉದುರಿತ್ತೇನು?" ಅಂದೆ. ನಕ್ಕ. ಪುಸ್ತಕ ಮಾತ್ರ ಮುಚ್ಚಲಿಲ್ಲ.

ಅವನನ್ನೇನು ಬಯ್ಯಲಿ? ಮಾಡಿದವರು ನೀವು. ಕಪ್ಪು ಎರೆಯಲ್ಲಿ ಜೋಳ, ಕುಸುಬೆ, ಕಡಲೆ ಬೆಳೆಯುತ್ತಿದ್ದಿರಿ. ಕಾಲುವೆ ಬಂತು, ಕಬ್ಬು ಬಂತು. ಹೆಚ್ಚಿನ ನೀರು ಹರಿದುಹೋಗಲೆಂದು ತೋಡಿದ್ದ ಬಸಿಗಾಲುವೆಯನ್ನು, ಇನ್ನೆರಡು ಸಾಲು ಕಬ್ಬು ಬರಲೆಂದು ಮುಚ್ಚಿದಿರಿ. ನಿಂತ ನೀರು ಒಳಗಿನ ಉಪ್ಪನ್ನು ಮೇಲೆ ತಂದಿತು. ಪ್ರತಿ ಎಳ್ಳಮಾವಾಸ್ಯೆಗೆ ಭೂಮಿತಾಯಿ ಬಸುರಿ ಎಂದು ಉಡಿ ತುಂಬಿದಿರಿ, "ಹುಲ್ಲುಲ್ಲಿಗೋ" ಎಂದು ಕೂಗಿ ಕಡುಬು, ಭಜ್ಜಿಯ ಚರಗವನ್ನು ಆಕೆಗೆ ಎಡೆಯೆಂದು ಹೊಲದ ತುಂಬ ಚೆಲ್ಲಿದಿರಿ. ಮರುದಿನ ಅದೇ ಬಸುರಿಯನ್ನು ಕೊರಳಮಟ ನೀರಲ್ಲಿ ನಿಲ್ಲಿಸಿದಿರಿ! ಆಕೆಯ ಉಪ್ಪು ತಿಂದವರು ಆಕೆಗೇ ಉಪ್ಪು ತಿನ್ನಿಸಿದಿರಿ. ಇದು ಯಾವ ಭಕ್ತಿ?

ಹೊಲದ ಬನ್ನಿಗಿಡ ಹೋಗಿದೆ. ಅದರ ಬುಡದಲ್ಲಿ ನೀವು ಸುಣ್ಣ ಹಚ್ಚಿ ಪೂಜಿಸುವ ಪಾಂಡವರ ಐದು ಕಲ್ಲು ಇನ್ನೂ ಇವೆ; ಇವತ್ತು ನಾನೂ ಪೂಜಿಸಿದೆ. ಮಲಕಾಜಿ ಕೇಳಿದ ಗುರುತಿಗೆಂದು ಅವುಗಳ ಕೆಳಗೆ, ಬಾಯಿ ಬಿಗಿದ ಗಡಿಗೆಯಲ್ಲಿ ಈ ಹೊಲದ ಜೋಳ ಹೂಳಿರಿ. ಜೊತೆಗೊಂದು ಚಪ್ಪಡಿ ಇಡಿರಿ. ಇಲ್ಲಿ ಏನು ಬೆಳೆಯಿತು, ಬೆಳೆದವರು ಯಾರು, ಬಸಿಗಾಲುವೆ ಮುಚ್ಚಿದವರು ಯಾರು, ಎಲ್ಲ ಕೊರೆಯಿರಿ. ಆ ಹೆಸರು ನನ್ನ ಮನೆತನದ್ದೇ ಆದರೂ ಕೊರೆಯಿರಿ.

ಮಲಕಾಜಿಗೆ ಬರಹೇಳಿದ್ದೇನೆ. ನಾಳೆ ಹೊತ್ತು ಮೂಡುವಾಗ ದೇವರ ಹೆಸರು ಹೇಳಿ ಅವನೆದುರಿಗೇ ಆ ಕಲ್ಲುಗಳ ಬುಡ ಅಗೆಯುತ್ತೇನೆ.

ನೀವು ಇವತ್ತೇ ಹೂಳಿರಿ.